ಕಳಲೆಯ ನೀರು ಚೆಲ್ಲಿದೆವು, ಅಡಿಕೆಯ ಚೊಗರು ಉಳಿಸಿಕೊಂಡೆವು

ಅಡಿಕೆ ಸುಲಿದ ಕೈಯನ್ನು ಮುಚ್ಚಿಡಲಾಗುವುದಿಲ್ಲ. ಮೆಟ್ಟುಗತ್ತಿಯ ಮುಂದೆ ಎರಡು ರಾತ್ರಿ ಕೂತರೆ ಸಾಕು, ಹೆಬ್ಬೆರಳಿನಿಂದ ಅಂಗೈವರೆಗೆ ಇದ್ದಿಲು ತಿಕ್ಕಿದ ಹಾಗೆ ಕಪ್ಪು. ಸೋಪಿಗೂ ಬಗ್ಗದು, ಸೀಗೆಗೂ ಬಗ್ಗದು. ಮೇಲಿನ ಚರ್ಮ ಹಳತಾಗಿ ಉದುರಿ ಹೊಸತು ಬರುವವರೆಗೆ ಕಾಯಬೇಕು. ಹೈಸ್ಕೂಲಿನ ದಿನಗಳಲ್ಲಿ ತೀರ್ಥಹಳ್ಳಿ ಪೇಟೆಯ ಹುಡುಗರು ನಮ್ಮ ಕೈ ನೋಡಿಯೇ ‘ಕೊನೆಕೊಯ್ಲು ಶುರುವಾಯ್ತಾ?’ ಎನ್ನುತ್ತಿದ್ದರು. ನಾವು ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದೆವು.

ಅದು ಕೊಳೆಯಲ್ಲ, ಮಸಿ ಎಂದು ತಿಳಿದದ್ದು ಬಹಳ ತಡವಾಗಿ. ಹಸಿ ಅಡಿಕೆಯ ಒಗರಿನ ಅಂಶವಾದ ಟ್ಯಾನಿನ್ ಕತ್ತಿಯ ಕಬ್ಬಿಣವನ್ನು ಹಿಡಿದುಕೊಂಡಾಗ ಹುಟ್ಟುವ ಬಣ್ಣ ಅದು. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಹಾಕಿ ಹಿಂದಿನವರು ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅದೇ ಕುಲದ್ದು. ಬಾಳೆಹೂವು ಹೆಚ್ಚಿದ ಈಳಿಗೆಮಣೆ ಕಪ್ಪಾಗುವುದೂ ಇದರಿಂದಲೇ.

ಈಗ ಮಲೆನಾಡಿನಲ್ಲಿ ಇಬ್ಬರು ಬೆಳೆಗಾರರು ಸೇರಿದರೆ ಮಾತು ಎರಡು ಕಡೆಗೆ ಹೊರಳುತ್ತದೆ: ಎಲೆಚುಕ್ಕೆ ರೋಗ, ಇಲ್ಲವೇ ‘ಅಡಿಕೆ ತಿಂದರೆ ಕ್ಯಾನ್ಸರ್ ಅಂತೆ’ ಎಂಬ ಸುದ್ದಿ. ಒಂದು ಸಸ್ಯರೋಗದ ಮಾತು, ಇನ್ನೊಂದು ಮನುಷ್ಯರ ಆರೋಗ್ಯದ್ದು, ಸಂಬಂಧವಿಲ್ಲ ಎನಿಸುತ್ತದೆ. ಆದರೆ ಎರಡರ ಬುಡದಲ್ಲೂ ಇರುವುದು ಒಂದೇ ಪ್ರಶ್ನೆ. ಮರ ತನ್ನೊಳಗೆ ಏನನ್ನು ತಯಾರಿಸಿಕೊಳ್ಳುತ್ತದೆ, ಯಾರ ಮೇಲೆ ಪ್ರಯೋಗಿಸಲು? ಅದನ್ನು ಬಿಟ್ಟು ‘ಅಡಿಕೆ ವಿಷವೋ ಔಷಧವೋ’ ಎಂದು ಟಿವಿಯಲ್ಲಿ ಕೂಗಾಡುವುದರಿಂದ ಬೆಳೆಗಾರನಿಗೂ ಉಪಯೋಗವಿಲ್ಲ, ತಿನ್ನುವವನಿಗೂ ಇಲ್ಲ.

ಆಗುಂಬೆಯ ಕಾಡಿನಿಂದಲೇ ಶುರುಮಾಡೋಣ. ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಸುರಿಯುವ ಮಳೆ ಮಣ್ಣಿನ ಸಾರವನ್ನೆಲ್ಲ ತೊಳೆದು ಹೊಳೆಗೆ ಹಾಕುತ್ತದೆ. ಉಳಿಯುವುದು ಜಂಬಿಟ್ಟಿಗೆ. ಅಂಥ ನೆಲದಲ್ಲಿ ಒಂದು ಎಲೆ ಕಟ್ಟುವುದೆಂದರೆ ಮರಕ್ಕೆ ದುಬಾರಿ ಕಾಮಗಾರಿ. ಬಯಲುಸೀಮೆಯ ಎಲೆಯುದುರುವ ಮರದಂತೆ ಪ್ರತಿ ವರ್ಷ ಹೊಸ ಬಟ್ಟೆ ಹೊಲಿಸುವಷ್ಟು ಅನುಕೂಲ ಅದಕ್ಕಿಲ್ಲ. ಆದ್ದರಿಂದ ಇದ್ದ ಎಲೆಯನ್ನು ಹುಳುವಿಗೆ, ಬೂಸ್ಟಿಗೆ ಬಿಡದೆ ಕಾಯಬೇಕು. ಸಾರಜನಕಕ್ಕೆ ಬರ, ಆದರೆ ಗಾಳಿಯಿಂದ ಹಿಡಿದ ಇಂಗಾಲಕ್ಕೆ ಬರವಿಲ್ಲ. ಇಂಗಾಲದಿಂದಲೇ ಕಟ್ಟುವ ಕಾವಲೆಂದರೆ ಟ್ಯಾನಿನ್. ನಿತ್ಯಹರಿದ್ವರ್ಣದ ಎಲೆ ಅಗಿದು ನೋಡಿ: ಬಹುತೇಕ ಒಗರು.

ಒಗರು ರುಚಿಯಲ್ಲ, ಸ್ಪರ್ಶ. ನಮ್ಮ ಜೊಲ್ಲಿನಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲ ಧಾರಾಳವಾಗಿರುವ ಪ್ರೋಟೀನುಗಳಿವೆ. ಬಾಯಿಗೆ ಜಾರುಗುಣ ಕೊಡುವುದರಲ್ಲಿ ಅವುಗಳ ಪಾಲಿದೆ. ಟ್ಯಾನಿನ್ ಬಂದು ಅವುಗಳನ್ನು ಹಿಡಿದು ಗಟ್ಟಿ ಮಾಡುತ್ತದೆ, ನಾಲಿಗೆ ತರಿತರಿಯಾಗುತ್ತದೆ. ಎಲೆ ತಿಂದ ಹುಳುವಿನ ಹೊಟ್ಟೆಯಲ್ಲೂ ಟ್ಯಾನಿನ್ ಕಾಟ ಕೊಡುತ್ತದೆ. ಜೊಲ್ಲಿನ ಆ ಪ್ರೋಟೀನು ಜಿಂಕೆಗೂ ಇದೆ. ಅದು ಟ್ಯಾನಿನ್ ಅನ್ನು ಬಾಯಲ್ಲೇ ಕಟ್ಟಿಹಾಕಿ ಮುಂದೆ ಹೋಗುತ್ತದೆ. ನಮ್ಮ ತೋಟದ ಮಂಗಗಳ ಮೇಲೂ ಅಡಿಕೆ ಮರದ ಈ ಅಸ್ತ್ರ ನಡೆದಂತೆ ನನಗೆ ಕಂಡಿಲ್ಲ.

ಇದನ್ನೆಲ್ಲ ಮರ ತಯಾರಿಸುವುದು ಹೇಗೆ? ಸಸ್ಯದೊಳಗೆ ಶಿಕಿಮೇಟ್ ಎಂಬ ಒಂದು ಉತ್ಪಾದನಾ ಮಾರ್ಗವಿದೆ. ಅದರ ತುದಿಯಲ್ಲಿ ಫೀನೈಲ್‌ಅಲನಿನ್ ಎಂಬ ಅಮೈನೋ ಆಮ್ಲ ಹೊರಬೀಳುತ್ತದೆ. ಒಂದು ಕಿಣ್ವ ಅದರಿಂದ ಅಮೋನಿಯಾವನ್ನು ಕಳಚಿಕೊಳ್ಳುತ್ತದೆ. ಸಾರಜನಕ ಮತ್ತೆ ಮರದ ಖಜಾನೆಗೆ. ಉಳಿದ ಇಂಗಾಲದ ಅಸ್ಥಿಪಂಜರದಿಂದ ಮರ ಬೇಕಾದ್ದನ್ನು ಮಾಡಿಕೊಳ್ಳುತ್ತದೆ: ಕಾಂಡ ಗಟ್ಟಿಯಾಗಲು ಲಿಗ್ನಿನ್, ಹೂವಿಗೆ ಬಣ್ಣ, ಕಾವಲಿಗೆ ಕ್ಯಾಟೆಚಿನ್. ಕ್ಯಾಟೆಚಿನ್ ಮಣಿಗಳನ್ನು ಒಂದಕ್ಕೊಂದು ಪೋಣಿಸಿದರೆ ಅಡಿಕೆಯ ಟ್ಯಾನಿನ್. ಹೆಸರು ಬಂದದ್ದು ಕಾಚಿನಿಂದ, ಕಗ್ಗಲಿ ಮರದ ಕೆಚ್ಚು ಕುದಿಸಿ ತೆಗೆಯುವ ಅದೇ ಕಾಚು. ಅಡಿಕೆ ಮರದ ವೈಜ್ಞಾನಿಕ ಹೆಸರು ಅರೆಕಾ ಕ್ಯಾಟೆಚು ಎಂಬುದರಲ್ಲೂ ಕಾಚು ಸೇರಿಕೊಂಡಿದೆ. ಕವಳದಲ್ಲಿ, ಅಂದರೆ ಎಲೆ-ಅಡಿಕೆಯಲ್ಲಿ, ಒಟ್ಟಿಗೆ ಕೂರುವ ಎರಡು ಮರಗಳನ್ನು ಸಸ್ಯಶಾಸ್ತ್ರ ಹೆಸರಿನಲ್ಲೂ ಗಂಟುಹಾಕಿತು.

ಇಷ್ಟು ಅಂಟುಗುಣದ ವಸ್ತು ಮರದ ಸ್ವಂತ ಪ್ರೋಟೀನುಗಳನ್ನೇ ಗಟ್ಟಿ ಮಾಡುವುದಿಲ್ಲವೇ? ಮಾಡುತ್ತದೆ, ಬಿಟ್ಟರೆ. ಅದಕ್ಕೇ ಕಟ್ಟೆಚ್ಚರ. ಟ್ಯಾನಿನ್ ಸಿದ್ಧವಾಗುವುದು ಪತ್ರಹರಿತಿನ ಪೊರೆಗಳಿಂದ ಕಳಚಿಕೊಂಡ ಪುಟ್ಟ ಕೋಶಕಗಳೊಳಗೆ ಎಂದು 2013ರಲ್ಲಿ ಗೊತ್ತಾಯಿತು. ‘ಟ್ಯಾನೊಸೋಮ್’ ಎಂದು ಅದಕ್ಕೆ ಹೆಸರು. ಪೊಟ್ಟಣ ಕಟ್ಟಿ, ಸೀಲು ಹಾಕಿ, ಜೀವಕೋಶದ ಉಗ್ರಾಣಕ್ಕೆ ಸಾಗಿಸುತ್ತದೆ. ಹಲ್ಲೋ ಕತ್ತಿಯೋ ತಾಗಿ ಕೋಶ ಒಡೆದಾಗ ಮಾತ್ರ ಪೊಟ್ಟಣ ಬಿಚ್ಚುತ್ತದೆ.

ಅಂದ ಹಾಗೆ, ತೋಟದ ಕಳೆಗೆ ಹೊಡೆಯುವ ಗ್ಲೈಫೋಸೇಟ್ ಮುರಿಯುವುದು ಈ ಶಿಕಿಮೇಟ್ ಮಾರ್ಗದ ಒಂದು ಕೊಂಡಿಯನ್ನೇ. ಪ್ರಾಣಿಗಳಲ್ಲಿ ಆ ಮಾರ್ಗವೇ ಇಲ್ಲ. ಆದರೆ ಮಣ್ಣಿನ ಶಿಲೀಂಧ್ರಗಳಲ್ಲಿ ಇದೆ. ಸೊಪ್ಪಿನ ಬೆಟ್ಟದಿಂದ ಹೊತ್ತು ತಂದ ತರಗನ್ನು, ಅದರ ಲಿಗ್ನಿನ್, ಟ್ಯಾನಿನ್ ಸಮೇತ, ಗೊಬ್ಬರ ಮಾಡಿಕೊಡುವ ಕೂಲಿಗಳಲ್ಲಿ ಮುಖ್ಯರು ಅವರೇ. ಕಳೆನಾಶಕದ ಕ್ಯಾನು ಎತ್ತುವ ಮುಂಚೆ ಇದೂ ನೆನಪಿರಲಿ.

ಟ್ಯಾನಿನ್ ಅಡಿಕೆಯ ಒಂದು ಕಾವಲು ಮಾತ್ರ. ಇನ್ನೊಂದು ಅರೆಕೊಲಿನ್, ಕಾಯಿಯ ತೂಕದಲ್ಲಿ ನೂರಕ್ಕೆ ಒಂದರಷ್ಟೂ ಇಲ್ಲದ ಆಲ್ಕಲಾಯ್ಡ್. ಹಸಿ ಅಡಿಕೆಯ ಹೋಳು ಬಾಯಿಗೆ ಹಾಕಿ ‘ಸೊಕ್ಕಿದ’ ಅನುಭವ ಇದ್ದವರಿಗೆ ಅದರ ಪರಿಚಯ ಬೇಡ. ನನಗೆ ಹತ್ತು ವರ್ಷ ಇದ್ದಾಗ ಕಣದಲ್ಲಿ ಕೂತು ದೊಡ್ಡವರಂತೆ ಒಂದು ಹೋಳು ಅಗಿದೆ. ಎದೆ ಬಿಗಿಯಿತು, ಕಿವಿ ಬಿಸಿಯಾಯಿತು, ಹಣೆ, ಬೆನ್ನು ಬೆವರಿತು, ಬಾಯಲ್ಲಿ ಜೊಲ್ಲು ನಿಲ್ಲದೆ ಸುರಿಯಿತು. ಯಾರೋ ನಕ್ಕು ಬೆಲ್ಲ, ನೀರು ಕೊಟ್ಟರು. ನಡೆದದ್ದು ಇಷ್ಟು: ನರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ವೇಷ ಹಾಕಿಕೊಂಡು ಅರೆಕೊಲಿನ್ ಅದರ ಬೀಗಕ್ಕೆ ಕೀಲಿ ಹಾಕುತ್ತದೆ. ಜೊಲ್ಲಿನ ಗ್ರಂಥಿ, ಬೆವರಿನ ಗ್ರಂಥಿ ಎಲ್ಲ ಒಟ್ಟಿಗೆ ಚಾಲೂ.

ಅರೆಕೊಲಿನ್ ಮಾಡಲು ಮರ ಬಳಸುವ ಕಚ್ಚಾಸರಕು ನಿಕೋಟಿನಿಕ್ ಆಮ್ಲ, ನಾವು ಬಿ3 ವಿಟಮಿನ್ ಎನ್ನುವ ನಿಯಾಸಿನ್. ಹೊಗೆಸೊಪ್ಪಿನ ಗಿಡ ನಿಕೋಟಿನ್ ಮಾಡುವುದಕ್ಕೂ ಅದನ್ನೇ ಬಳಸುತ್ತದೆ. ಸಂಬಂಧವೇ ಇಲ್ಲದ ಎರಡು ಗಿಡಗಳು ಒಂದೇ ಅಂಗಡಿಯಿಂದ ಸರಕು ತಂದು ಎರಡು ಬೇರೆ ಕೀಲಿ ಮಾಡಿಕೊಂಡವು. ಎರಡೂ ಕೀಲಿಗಳನ್ನು ಒಂದೇ ಬಾಯಿಗೆ ಹಾಕುವ ಬುದ್ಧಿ ಮಾತ್ರ ಮನುಷ್ಯನದು.

ಇನ್ನು ಕ್ಯಾನ್ಸರ್ ವಿಷಯ. ಊರಲ್ಲಿ ಸಾಮಾನ್ಯವಾಗಿ ಕೇಳುವ ವಾದ: ‘ಸಾವಿರಾರು ವರ್ಷದಿಂದ ತಿಂದಿದ್ದೇವೆ. ತಪ್ಪು ತಂಬಾಕಿನದು, ಅಡಿಕೆ ಮೇಲೆ ಗೂಬೆ ಕೂರಿಸುತ್ತಿದ್ದಾರೆ.’ ನಾನೂ ಅಡಿಕೆ ಮಾರಿ ಓದಿದವನು, ಈ ವಾದ ನಿಜವಾಗಲಿ ಎಂಬ ಆಸೆ ನನಗೂ ಇತ್ತು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿಯ ತಜ್ಞರು 2003ರಲ್ಲಿ ಲಿಯಾನ್‌ನಲ್ಲಿ ಸೇರಿದಾಗ ತಂಬಾಕಿಲ್ಲದ ಕವಳವನ್ನು ಬೇರೆಯಾಗಿಯೇ ಪರಿಶೀಲಿಸಿದರು. ತೀರ್ಮಾನ: ತಂಬಾಕು ಇಲ್ಲದ ಕವಳವೂ, ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕ, ಮೊದಲನೇ ಗುಂಪು. ಅರೆಕೊಲಿನ್ ಒಂದನ್ನೇ ತೆಗೆದುಕೊಂಡರೆ, 2020ರ ಪರಿಶೀಲನೆಯಲ್ಲಿ ಅದಕ್ಕೆ ಸಿಕ್ಕಿದ್ದು 2ಬಿ ಗುಂಪು, ಅಂದರೆ ‘ಇರಬಹುದು’.

ಇಲ್ಲಿ ಎರಡೂ ಕಡೆಯವರು ಎಡವುತ್ತಾರೆ. ಗುಂಪಿನ ಸಂಖ್ಯೆ ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಸಿಗರೇಟು, ಮದ್ಯ, ಬಿಸಿಲು, ಅಡಿಕೆ ಎಲ್ಲ ಒಂದೇ ಗುಂಪಿನಲ್ಲಿವೆ. ಹಾಗೆಂದು ಎಲ್ಲದರ ಅಪಾಯ ಸಮವಲ್ಲ. 2024ರ ಅಕ್ಟೋಬರಿನಲ್ಲಿ ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ ಬಂದ ಅಂದಾಜಿನ ಪ್ರಕಾರ 2022ರಲ್ಲಿ ಜಗತ್ತಿನ 3,89,800 ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ 1,20,200ಕ್ಕೆ ಹೊಗೆರಹಿತ ತಂಬಾಕು ಅಥವಾ ಅಡಿಕೆ ಕಾರಣ; ಅದರಲ್ಲಿ ಭಾರತದವು 83,400. ಖೈನಿ, ಗುಟ್ಕಾ, ತಂಬಾಕಿನ ಕವಳ, ಬರೀ ಅಡಿಕೆ ಎಲ್ಲ ಸೇರಿದ ಮೊತ್ತ ಅದು. ‘ಅಡಿಕೆಯಿಂದ 83 ಸಾವಿರ’ ಎಂದು ಬರೆದರೆ ತಪ್ಪು. ‘ಎಲ್ಲವೂ ತಂಬಾಕಿನದೇ’ ಎಂದರೆ ಅದೂ ತಪ್ಪು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಿದ್ದೆವು, ಈಗ ಅಡಿಕೆಯ ಮಾನಕ್ಕೇ ಆನೆ ಹುಡುಕುವ ಕಾಲ ಬಂದಿದೆ.

ಕ್ಯಾನ್ಸರಿಗಿಂತ ಮೊದಲು ಬರುವ ಒಂದು ಕಾಯಿಲೆಯ ಬಗ್ಗೆ ಮಲೆನಾಡಿನಲ್ಲಿ ಮಾತು ಕಡಿಮೆ. ಸಬ್‌ಮ್ಯೂಕಸ್ ಫೈಬ್ರೋಸಿಸ್. ಮೊದಲು ಊಟದ ಖಾರ ತಡೆಯುವುದಿಲ್ಲ. ಕೆನ್ನೆಯ ಒಳಭಾಗ ಬಿಳಿಚಿ ಗಟ್ಟಿಯಾಗುತ್ತದೆ. ಆಮೇಲೆ ಬಾಯಿ ಪೂರ್ತಿ ತೆರೆಯುವುದಿಲ್ಲ. ಮೂರು ಬೆರಳು ಹೋಗುತ್ತಿದ್ದಲ್ಲಿ ಎರಡು, ಕೊನೆಗೆ ಒಂದು. ಇಲ್ಲಿ ಅಡಿಕೆಯ ಎರಡೂ ಕಾವಲುಗಳು ಕೈಜೋಡಿಸುತ್ತವೆ. ಆಲ್ಕಲಾಯ್ಡುಗಳು ಕೆನ್ನೆಯ ಕೋಶಗಳನ್ನು ಕೆಣಕಿ ಕೊಲಾಜೆನ್ ನಾರನ್ನು ಅತಿಯಾಗಿ ಹೊಸೆಯುವಂತೆ ಮಾಡುತ್ತವೆ. ದೇಹಕ್ಕೆ ಹೆಚ್ಚಾದ ನಾರನ್ನು ಕರಗಿಸುವ ಕಿಣ್ವ ಇದೆ; ಆದರೆ ಅಷ್ಟರಲ್ಲಿ ಟ್ಯಾನಿನ್ ಬಂದು ನಾರು ನಾರಿಗೆ ಗಂಟುಹಾಕಿರುತ್ತದೆ. ಗಂಟುಬಿದ್ದ ನಾರನ್ನು ಕಿಣ್ವ ಮುಟ್ಟಲಾರದು.

ಚರ್ಮ ಹದ ಮಾಡುವವರು ತಂಗಡಿ ತೊಗಟೆಯ ನೀರಿನಲ್ಲಿ, ಅಳಲೆಕಾಯಿ ನೀರಿನಲ್ಲಿ ತೊಗಲು ನೆನೆಹಾಕುತ್ತಿದ್ದುದು ಇದೇ ಕೆಲಸಕ್ಕೆ. ಹಸಿ ತೊಗಲಿನ ಕೊಲಾಜೆನ್ ಕೊಳೆಯದಂತೆ ಟ್ಯಾನಿನ್ ಅದನ್ನು ಕಟ್ಟಿಹಾಕುತ್ತದೆ. ಟ್ಯಾನಿನ್ ಎಂಬ ಹೆಸರೇ ಆ ಕಸುಬಿನದು. ಬೆಳಗಿನಿಂದ ರಾತ್ರಿಯವರೆಗೆ ಕೆನ್ನೆಯ ಸಂದಿಯಲ್ಲಿ ಪಾನ್‌ಮಸಾಲೆ ಇಟ್ಟುಕೊಳ್ಳುವ ಹುಡುಗ ಬದುಕಿರುವಾಗಲೇ ತನ್ನ ಕೆನ್ನೆಯನ್ನು ಹದ ಹಾಕುತ್ತಿದ್ದಾನೆ. ಊಟದ ಮೇಲೊಂದು ಕವಳ ಹಾಕಿ ಬಾಯಿ ತೊಳೆಯುವ ಅಜ್ಜನಿಗೂ ಇವನಿಗೂ ಇರುವ ವ್ಯತ್ಯಾಸ ಬಾಯಿಗೂ ಅಡಿಕೆಗೂ ಇರುವ ನಂಟಿನ ಗಂಟೆಗಳ ಲೆಕ್ಕದ್ದು. ಅಜ್ಜನಿಗೆ ಅಪಾಯ ಶೂನ್ಯ ಎಂದಲ್ಲ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಪಾನ್‌ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಎಂದು ಎರಡಾಗಿ ನೇತಾಡುವುದನ್ನು ಯಾವ ಗೂಡಂಗಡಿಯಲ್ಲಾದರೂ ನೋಡಬಹುದು.

ಈಗ ಶಿಲೀಂಧ್ರದ ಕಡೆಗೆ. ಇಷ್ಟು ಕಾವಲಿರುವ ಮರಕ್ಕೆ ಎಲೆಚುಕ್ಕೆ ಹೇಗೆ ತಗಲಿತು? ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ ಕಡೆ ಕೆಲವು ವರ್ಷಗಳಿಂದ ತೋಟಕ್ಕೆ ತೋಟವೇ ಹಳದಿ ಅಂಚಿನ ಕಂದು ಚುಕ್ಕೆಗಳಿಂದ ಸುಟ್ಟಂತೆ ನಿಂತಿದೆ. ಅದರ ಹಿಂದಿರುವ ಮುಖ್ಯ ಆರೋಪಿ ಕೊಲೆಟೊಟ್ರೈಕಮ್ ಎಂಬ ಶಿಲೀಂಧ್ರ. ಬೀಜಾಣು ಎಲೆಗೆ ಅಂಟಿ ಒಂದು ಗುಮ್ಮಟ ಕಟ್ಟುತ್ತದೆ, ಅದರ ಗೋಡೆಗೆ ಮೆಲನಿನ್ ಬಳಿಯುತ್ತದೆ, ನಮ್ಮ ಕೂದಲಿನ ಕಪ್ಪಿನಂಥದೇ. ಮೆಲನಿನ್ ಬಳಿದ ಗೋಡೆಯಿಂದ ಒಳಗಿನ ಸಾಂದ್ರ ರಸ ಸೋರುವುದಿಲ್ಲ, ನೀರು ಮಾತ್ರ ಒಳನುಗ್ಗುತ್ತದೆ, ಒತ್ತಡ ಏರುತ್ತದೆ. ಇದೇ ತಂತ್ರದ ಭತ್ತದ ಬೆಂಕಿರೋಗದ ಶಿಲೀಂಧ್ರದಲ್ಲಿ ಆ ಒತ್ತಡ ಅಳೆದಿದ್ದಾರೆ: 8 ಮೆಗಾಪ್ಯಾಸ್ಕಲ್, ಕಾರಿನ ಟೈರಿನ ಮೂವತ್ತು ಪಟ್ಟಿಗೂ ಹೆಚ್ಚು. ಆ ಒತ್ತಡದಲ್ಲಿ ಒಂದು ಮೊಳೆ ಎಲೆಯ ಮೇಣದ ಪದರ ತೂರಿ ಒಳಗಿಳಿಯುತ್ತದೆ. ಮೊದಮೊದಲು ಸದ್ದಿಲ್ಲದೆ ಬದುಕುತ್ತದೆ. ಆಮೇಲೆ ಕಿಣ್ವ, ವಿಷ ಬಿಟ್ಟು ಮುಂದಿನ ಕೋಶಗಳನ್ನು ಕೊಂದು ತಿನ್ನುತ್ತ ಹೋಗುತ್ತದೆ. ನಮ್ಮ ಕಣ್ಣಿಗೆ ಚುಕ್ಕೆ ಕಾಣುವ ಹೊತ್ತಿಗೆ ಮೊದಲ ಅಧ್ಯಾಯ ಮುಗಿದಿರುತ್ತದೆ. ಔಷಧಿ ತಡವಾಯಿತು ಎನ್ನುವುದು ಅದಕ್ಕೇ.

ಹಳೆಯ ಶತ್ರು ಕೊಳೆರೋಗದ ಕಥೆ ಬೇರೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಅದರ ಬಗ್ಗೆ ಬರೆದರು. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ನಮ್ಮ ತೋಟಕ್ಕೆ ಬಂದದ್ದು ಆ ಕಾಲದಲ್ಲೇ. ಕೊಳೆ ತರುವ ಫೈಟೊಫ್ತೋರ ನೋಡಲು ಬೂಸ್ಟು, ಆದರೆ ನಿಜವಾದ ಶಿಲೀಂಧ್ರವಲ್ಲ. ಅದರ ಕೋಶದ ಗೋಡೆ ಸೆಲ್ಯುಲೋಸಿನದು, ಬೀಜಾಣುಗಳು ಬಾಲ ಬಡಿಯುತ್ತ ಮಳೆನೀರಿನಲ್ಲಿ ಈಜುತ್ತವೆ. ಇದು ಬರೀ ಪಾಂಡಿತ್ಯದ ಮಾತಲ್ಲ. ಎಲೆಚುಕ್ಕೆಗೆ ಹೊಡೆಯುವ ಪ್ರೊಪಿಕೊನಜೋಲ್ ಕೆಡಿಸುವುದು ಶಿಲೀಂಧ್ರ ತಯಾರಿಸುವ ಎರ್ಗೊಸ್ಟೆರಾಲ್ ಎಂಬ ಕೊಬ್ಬನ್ನು. ಫೈಟೊಫ್ತೋರ ಅದನ್ನು ತಯಾರಿಸುವುದೇ ಇಲ್ಲ. ಎಲೆಚುಕ್ಕೆಯ ಔಷಧಿಯನ್ನೇ ಕೊಳೆಗೂ ಹೊಡೆದರೆ ದೋಟಿ, ಕೂಲಿ, ದುಡ್ಡು ಮೂರೂ ದಂಡ.

ಕಾಫಿಗೆ ಬರುವ ಕೊಳೆಯಂತೂ ಹೆಸರಿನಲ್ಲಿ ಇತಿಹಾಸ ಮಾಡಿದೆ. 1876ರಲ್ಲಿ ಇಂಗ್ಲೆಂಡಿನ ಎಂ.ಸಿ. ಕುಕ್ ಆ ಶಿಲೀಂಧ್ರಕ್ಕೆ ಪೆಲ್ಲಿಕ್ಯುಲೇರಿಯ ಕೊಳೆರೋಗ ಎಂದು ಹೆಸರಿಟ್ಟರು, ಮುಂದೆ ಅದು ಒಂದು ಕುಲದ ಹೆಸರೇ ಆಯಿತು. ಲ್ಯಾಟಿನ್ನಿಗೆ ಳಕಾರ ಇಲ್ಲವಾದ್ದರಿಂದ ಜಗತ್ತು ಅದನ್ನು ‘ಕೊಲೆರೋಗ’ ಎಂದೇ ಓದುತ್ತದೆ. ಬೆಳೆಗಾರರೇನೂ ಆಕ್ಷೇಪಿಸಲಾರರು.

ಕೊಯ್ಲಿನ ಮೇಲೂ ಶಿಲೀಂಧ್ರದ ಕಾಟ ಮುಗಿಯುವುದಿಲ್ಲ. ಸರಿಯಾಗಿ ಒಣಗದೆ ಚೀಲಕ್ಕೆ ಹೋದ ಅಡಿಕೆಯಲ್ಲಿ ಆಸ್ಪರ್ಜಿಲಸ್ ಬೂಸ್ಟು ಬೆಳೆದು ಅಫ್ಲಾಟಾಕ್ಸಿನ್ ಮಾಡಬಲ್ಲದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಬೂಸ್ಟು ಹಿಡಿದ ಶೇಂಗಾ ಹಿಂಡಿ ತಿಂದು ಸತ್ತಾಗ ಪತ್ತೆಯಾದ ವಿಷ ಅದು, ಯಕೃತ್ತಿನ ಕ್ಯಾನ್ಸರಿಗೆ ಖಚಿತ ಕಾರಣ. ಅಡಿಕೆ ಚೀಲಕ್ಕೆ ಕೈಹಾಕಿದಾಗ ತಂಪು ತಾಗಿದರೆ ಮತ್ತೆ ಬಿಸಿಲಿಗೆ ಹಾಕಿ ಎಂದು ಅಪ್ಪ ಹೇಳುತ್ತಿದ್ದುದು ತೂಕದ ಚಿಂತೆಯಿಂದ. ಕಾರಣ ಏನಾದರಾಗಲಿ, ಸಲಹೆ ಸರಿಯಾಗಿತ್ತು.

ಮರವೂ ಶಿಲೀಂಧ್ರವೂ ವಿಷದ ಕಸುಬಿನಲ್ಲಿ ಎಷ್ಟು ಹತ್ತಿರ ಎನ್ನುವುದಕ್ಕೆ ನಮ್ಮ ಘಟ್ಟದ ದುರ್ವಾಸನೆ ಮರ ನೋಡಬೇಕು. 1966ರಲ್ಲಿ ಅಮೆರಿಕದ ವಾಲ್ ಮತ್ತು ವಾಣಿ ಚೀನಾದ ಒಂದು ಮರದಲ್ಲಿ ಕಂಡ ಕ್ಯಾಂಪ್ಟೊಥೆಸಿನ್, ಕೆಲವೇ ವರ್ಷಗಳಲ್ಲಿ ಇದರಲ್ಲೂ ಸಿಕ್ಕಿತು. ಅದರ ಮಾರ್ಪಾಡುಗಳೇ ಇಂದು ಕ್ಯಾನ್ಸರ್ ಔಷಧಿಗಳಾದ ಟೊಪೊಟೆಕಾನ್, ಇರಿನೊಟೆಕಾನ್. ಅದು ಕೋಶದ ಡಿಎನ್‌ಎ ಬಿಡಿಸುವ ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ. ಇಂಥ ವಿಷ ಮಾಡುವ ಗಿಡಗಳು ತಮ್ಮದೇ ಕಿಣ್ವದ ಒಂದೆರಡು ಅಕ್ಷರ ಬದಲಿಸಿಕೊಂಡು ತಾವು ಬಚಾವಾಗಿವೆ. 2005ರಲ್ಲಿ ದುರ್ವಾಸನೆ ಮರದೊಳಗೆ ವಾಸಿಸುವ ಒಂದು ಶಿಲೀಂಧ್ರವೂ ಅದನ್ನೇ ಮಾಡುತ್ತದೆ ಎಂಬ ವರದಿ ಬಂತು. ಇನ್ನು ಮರ ಕಡಿಯುವುದು ಬೇಡ ಎಂಬ ಆಸೆ ಹುಟ್ಟಿತು. ಆದರೆ ಇಂಥ ಶಿಲೀಂಧ್ರಗಳು ಮರ ಬಿಟ್ಟು ಪ್ರಯೋಗಾಲಯದ ತಟ್ಟೆಯಲ್ಲಿ ಪೀಳಿಗೆ ಕಳೆದಂತೆ ಆ ಕಸುಬು ಮರೆಯುತ್ತವೆ. ಔಷಧಿಯ ಆಸೆಗೆ ಘಟ್ಟದಲ್ಲಿ ಆ ಮರ ವಿರಳವಾಯಿತು.

ಇಷ್ಟೆಲ್ಲ ಓದಿದ ಮೇಲೆ ನನ್ನನ್ನು ಕಾಡಿದ್ದು ನಮ್ಮದೇ ಅಡುಗೆಮನೆ. ಜುಲೈಯಲ್ಲಿ ಕಳಲೆ, ಅಂದರೆ ಬಿದಿರಿನ ಎಳೆ ಮೊಳಕೆ, ಬಂದರೆ ಅಮ್ಮ ತೆಳ್ಳಗೆ ಬಿಲ್ಲೆ ಹೆಚ್ಚಿ ನೀರಿನಲ್ಲಿ ಹಾಕುತ್ತಾಳೆ. ದಿನಕ್ಕೊಮ್ಮೆ ನೀರು ಬದಲಿಸಿ, ಮೂರು ದಿನ. ಆ ನೀರನ್ನು ದನಕ್ಕೂ ಇಡುವುದಿಲ್ಲ, ಬಚ್ಚಲಿಗೇ. ಕಳಲೆಯಲ್ಲಿರುವ ಟ್ಯಾಕ್ಸಿಫಿಲಿನ್ ಸಕ್ಕರೆಗೆ ಕಟ್ಟಿದ ಸಯನೈಡ್. ಕತ್ತಿ ತಾಗಿ ಕೋಶ ಒಡೆದಾಗ ಪಕ್ಕದ ಕೋಣೆಯಲ್ಲಿದ್ದ ಕಿಣ್ವ ಬಂದು ಗಂಟು ಬಿಚ್ಚುತ್ತದೆ, ವಿಷ ನೀರಿಗೂ ಗಾಳಿಗೂ ಹೋಗುತ್ತದೆ, ಉಳಿದದ್ದು ಬೇಯಿಸುವಾಗ ಆವಿ. ಕೆಸುವಿನ ತುರಿಕೆಗೆ ವಾಟೆಹುಳಿ. ಬಿದಿರಿನ, ಕೆಸುವಿನ ಅಸ್ತ್ರ ಏನೆಂದು ಹೆಸರು ಗೊತ್ತಿಲ್ಲದೆಯೇ ಅದನ್ನು ಕಳಚುವ ವಿಧಾನ ಗೊತ್ತಿತ್ತು.

ಅಡಿಕೆಗೂ ಅದೇ ಹಂಡೆ, ಅದೇ ನೀರು. ಸುಲಿದು, ಕುದಿಸುತ್ತೇವೆ. ಅರೆಕೊಲಿನ್ ನೀರಿನಲ್ಲಿ ಕರಗುವಂಥದು, ಟ್ಯಾನಿನ್ ಸಹ. ಒಂದಷ್ಟು ನೀರಿಗೆ ಬಿಡುತ್ತದೆ. ಆದರೆ ಆ ನೀರನ್ನು ನಾವು ಬಚ್ಚಲಿಗೆ ಚೆಲ್ಲುವುದಿಲ್ಲ. ಒಂದು ಒಬ್ಬೆ, ಇನ್ನೊಂದು ಒಬ್ಬೆ ಬೇಯಿಸುತ್ತ ಅದನ್ನು ಮಂದ ಮಾಡುತ್ತೇವೆ. ಅದೇ ಚೊಗರು, ಕೆಲವರ ಬಾಯಲ್ಲಿ ತೊಗರು. ಅದನ್ನು ಮತ್ತೆ ಅಡಿಕೆಗೇ ಹಚ್ಚಿ ಅಟ್ಟದ ಮೇಲೆ ಹರವುತ್ತೇವೆ, ಕೆಂಪು ಹೊಳಪು ಬರಲಿ ಎಂದು. ಕಾಯಿ ಹಣ್ಣಾದಂತೆ ಟ್ಯಾನಿನ್ ತಾನೇ ಇಳಿಯುತ್ತದೆ, ಮರಕ್ಕೆ ಆಗ ಅದರ ಅಗತ್ಯ ಕಡಿಮೆ. ರಾಶಿ ಇಡಿ ಎಂಬ ಕೆಂಪಡಿಕೆಗೆ ನಾವು ಕೊಯ್ಯುವುದು ಅದಕ್ಕೆ ಮುಂಚೆ, ಕಾವಲು ಇನ್ನೂ ಬಿಗಿಯಾಗಿರುವಾಗಲೇ. ಕಳಲೆಯ ಅಡುಗೆ ಹೊಟ್ಟೆಗಾಗಿ ರೂಪುಗೊಂಡದ್ದು, ಅಡಿಕೆಯ ಅಡುಗೆ ಮಂಡಿಗಾಗಿ. ಈ ವ್ಯತ್ಯಾಸ ನನ್ನ ಕಣ್ಣಿಗೆ ಬೀಳಲು ನಲವತ್ತು ವರ್ಷ ಬೇಕಾಯಿತು. ಚೊಗರು ಹಚ್ಚದಿದ್ದರೆ ಅಡಿಕೆ ನಿರಪಾಯ ಎಂದು ನಾನು ಹೇಳುತ್ತಿಲ್ಲ, ಕಾಯಿಯೊಳಗೆ ಉಳಿಯುವುದೇ ಬೇಕಾದಷ್ಟಿದೆ. ಚೊಗರಿಗೆ ಬೇರೆ ದಾರಿ ಇದೆ ಎನ್ನುತ್ತಿದ್ದೇನೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಹತ್ತಿರ ಚರಕ ಸಂಸ್ಥೆಯ ಹೆಂಗಸರು ಅದರಿಂದಲೇ ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ಹತ್ತಿಯ ನಾರನ್ನು ಹಿಡಿದರೆ ಯಾರಿಗೂ ನಷ್ಟವಿಲ್ಲ.

ಹೋದ ವರ್ಷ ಹಟಕ್ಕೆ ಬಿದ್ದು ಒಂದು ಚೀಲ ರಾಶಿಯನ್ನು ಚೊಗರು ಹಚ್ಚದೆ ಒಣಗಿಸಿ ಉಳಿದದ್ದರ ಜೊತೆ ಮಂಡಿಗೆ ಒಯ್ದೆ. ವ್ಯಾಪಾರಿ ಒಂದು ಅಡಿಕೆ ತೆಗೆದು ಹೆಬ್ಬೆರಳಿನಿಂದ ಉಜ್ಜಿದ, ಒಡೆದು ಒಳಗೆ ನೋಡಿದ, ಒಳಗೆ ತಕರಾರಿಲ್ಲ ಎಂದ. ಆಮೇಲೆ ಚೀಲವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

‘ಬಣ್ಣ ಸಾಲದು. ಮನೆಯಲ್ಲಿ ಚೊಗರು ಇಲ್ವಾ?’

ಇತ್ತು. ಕೊಟ್ಟಿಗೆಯ ಮೂಲೆಯಲ್ಲಿ ಎರಡು ಡಬ್ಬ, ಮುಚ್ಚಳದ ಮೇಲೆ ಬೂಸ್ಟು.